ಖಾಲಿ ಕುರ್ಚಿಯಲ್ಲಿ ಕೂತಾಗ

ವೈಟ್‌ಫೀಲ್ಡ್
೧೪ ಜುಲೈ ೨೦೧೬, ಗುರುವಾರ

ಪ್ರೀತಿಯ ತಮ್ಮ ಮುರಳಿಗೆ,

ಹೇಗಿದ್ದೀಯಪ್ಪಾ? ಕೆಮ್ಮು ನಿಂತಿತೇ? ಪುಣೆಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲವಂತೆ, ಬಟ್ಟೆ ಒಣಗುತ್ತವೋ ಇಲ್ಲವೋ. ಅಡುಗೆ ಮಾಡಿಕೊಳ್ಳುತ್ತೀಯೋ, ಫ್ಯಾಕ್ಟರಿ ಗೇಟಿನ ವಡಾಪಾವ್ ಮೇಲೇ ದಿನ ದೂಡುತ್ತಿದ್ದೀಯೋ? ಅಪ್ಪ ಅಮ್ಮ ಚೆನ್ನಾಗಿದ್ದಾರೆ. ನೀನು ಪಾರ್ಸೆಲ್ ಲಾರಿಯಲ್ಲಿ ಕಳಿಸಿದ ಬೈಕು ಬಂದು ತಲುಪಿತು. ಅಪ್ಪ ಅದನ್ನು ದಿನಾ ಒರೆಸಿ ಇಡುತ್ತಾರೆ. "ಮಗ ವಾಪಸ್ ಬತ್ತಾವ್ನೆ, ಅದಕ್ಕೇ ಮೊದ್ಲು ಗಾಡಿ ಕಳ್ಸವ್ನೆ" ಎಂದು ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ನಾನು ಹೂಂ ಅಂದೆ. ನನಗೆ ಹಾಗನ್ನಿಸಲಿಲ್ಲ.

ನನ್ನ ಕೆಲಸ ನಡೆಯುತ್ತಿದೆ. "ಕೋಚ್ ಅಂದ್ರೆ ಯಾವ ಆಟದ್ದೇ?" ಎಂದು ಅಮ್ಮ ಈಗಲೂ ಕೇಳುತ್ತಾಳೆ. ಕಂಪನಿಯ ಮ್ಯಾನೇಜರುಗಳನ್ನು ಎದುರಿಗೆ ಕೂರಿಸಿಕೊಂಡು, ಅವರ ದಾರಿ ಅವರೇ ಕಂಡುಕೊಳ್ಳುವ ಹಾಗೆ ಪ್ರಶ್ನೆ ಕೇಳುವುದಮ್ಮಾ ಅಂದರೆ, "ಅದಕ್ಕೂ ದುಡ್ಡಾ? ಪಕ್ಕದ್ಮನೆ ಮುನಿಯಕ್ಕ ಬಿಟ್ಟಿ ಮಾಡ್ತಾಳೆ" ಎನ್ನುತ್ತಾಳೆ. ಇನ್ನು ನಾನೇ ತಿಂಗಳಿಗೊಮ್ಮೆ ಹಿರಿಯ ಕೋಚ್ ಸುಬ್ಬಲಕ್ಷ್ಮಮ್ಮನವರ ಮುಂದೆ ಕೂತು, ಯಾರ ಹತ್ತಿರ ಏನು ಕೇಳಿದೆ, ಎಲ್ಲಿ ಎಡವಿದೆ ಎಂದು ಬಿಚ್ಚಿಡಬೇಕು ಎಂದು ಗೊತ್ತಾದರೆ ಇನ್ನೆಷ್ಟು ನಗುತ್ತಾಳೋ. ಅದನ್ನು ಸೂಪರ್‌ವಿಷನ್ ಅನ್ನುತ್ತೇವೆ. ತಪ್ಪಿಸುವ ಹಾಗಿಲ್ಲ. ಹೂಡಿಯ ಟ್ರಾಫಿಕ್ಕಿನಲ್ಲಿ ಬೇಯುತ್ತಾ ಹೋಗುವಾಗಲೆಲ್ಲ, ಇಷ್ಟು ವರ್ಷವಾದ ಮೇಲೂ ನನಗೆ ಇನ್ನೊಬ್ಬರ ಉಸ್ತುವಾರಿ ಯಾಕೆ ಎಂದು ಮೈ ಉರಿಯುತ್ತಿತ್ತು. ತನ್ನ ಬೆನ್ನು ತನಗೆ ಕಾಣದು ಅನ್ನುತ್ತಾರಲ್ಲ, ಆ ಗಾದೆ ಬೇರೆಯವರಿಗೆ ಎಂದುಕೊಂಡಿದ್ದೆ.

ಮೇ ತಿಂಗಳಿಂದ ನನ್ನ ಹತ್ತಿರ ಒಬ್ಬರು ಬರುತ್ತಿದ್ದಾರೆ. ಹೆಸರು ಹೇಳಬಾರದು. ನಿನ್ನ ವಯಸ್ಸಿನವರು. ಮೀಟಿಂಗಿನಲ್ಲಿ ಬಾಯಿ ಕಟ್ಟಿಹೋಗುತ್ತದೆ, ಅದು ಸರಿಹೋಗಬೇಕು ಎಂದು ಬಂದವರು. ಕೇಳಿದ್ದಕ್ಕೆಲ್ಲ "ಚೆನ್ನಾಗಿದೀನಿ ಮೇಡಂ" ಎನ್ನುತ್ತಾರೆ. ನನಗೋ ಅವರನ್ನು ಕಂಡರೆ, ಈ ಹುಡುಗ ಜೀವಕ್ಕೇನಾದರೂ ಮಾಡಿಕೊಂಡುಬಿಟ್ಟರೆ ಎಂಬ ದಿಗಿಲು. ಬೆಳಿಗ್ಗೆ ಎದ್ದರೆ ತಿಂಡಿ ಆಯಿತೇ ಎಂದು ಮೆಸೇಜು, ಭಾನುವಾರವೂ ಫೋನು. ಕೋಚ್ ಆದವರು ಹಾಗೆಲ್ಲ ಮಾಡಬಾರದು. ಕಡೆಗೆ ಅವರೇ, "ಮೇಡಂ, ನಾನು ಆರಾಮಾಗಿದೀನಿ. ನಿಮಗೇನಾದ್ರೂ ತೊಂದ್ರೆ ಇದೆಯಾ?" ಎಂದು ಕೇಳಿದರು.

ನಿನ್ನೆ ಇದನ್ನೆಲ್ಲ ಸುಬ್ಬಲಕ್ಷ್ಮಮ್ಮನವರಿಗೆ ಹೇಳಿದೆ. ಅವರದೊಂದು ಪದ್ಧತಿ. ಎದುರಿಗೆ ಖಾಲಿ ಕುರ್ಚಿ ಹಾಕಿ, "ಈಗ ನೀವೇ ಆ ಹುಡುಗ. ಅಲ್ಲಿ ಕೂತ್ಕೊಂಡು ಅವನಾಗಿ ಮಾತಾಡಿ" ಎನ್ನುತ್ತಾರೆ. ಹೋಗಿ ಕೂತೆ. ಆ ಹುಡುಗನ ಹಾಗೆಯೇ ಭುಜ ಕುಗ್ಗಿಸಿದೆ. ಬಾಯಿಂದ ಬಂತು, "ನಾನಿಲ್ದಿದ್ರೂ ಎಲ್ಲ ನಡ್ಕೊಂಡು ಹೋಗುತ್ತೆ ಬಿಡಕ್ಕ."

ಸುಬ್ಬಲಕ್ಷ್ಮಮ್ಮ ಮೆಲ್ಲಗೆ, "ಆ ಹುಡುಗ ನಿಮ್ಮನ್ನ ಅಕ್ಕ ಅಂತಾನೇನಮ್ಮ?" ಎಂದರು.

ಇಲ್ಲ. ಒಮ್ಮೆಯೂ ಅಂದಿಲ್ಲ. ಆ ಮಾತನ್ನೂ ಅವರು ಆಡಿಲ್ಲ. ಅದು ನಿನ್ನ ಮಾತು ಮುರಳಿ, ಯುಗಾದಿಗೆ ಬರುವುದಿಲ್ಲ ಎಂದು ಫೋನಿನಲ್ಲಿ ಹೇಳಿದ ದಿನ ನೀನು ಆಡಿದ್ದು. ಇಷ್ಟು ದಿನ ನನ್ನನ್ನು ಹಿಂಡುತ್ತಿದ್ದ ಭಯ ನಿನ್ನ ಬಗ್ಗೆಯದು, ಅದನ್ನು ಹೊತ್ತುಕೊಂಡು ಹೋಗಿ ಯಾರದೋ ಮಗನ ಮೇಲೆ ಹಾಕಿದ್ದೆ. "ಅವನ ವಿಷಯ ಮುಂದಿನ ಸಲ ನೋಡೋಣ. ಮೊದ್ಲು ತಮ್ಮನ ಹತ್ರ ಹೋಗಮ್ಮ" ಎಂದು ಕಳಿಸಿದರು.

ನಿನ್ನೆಯಿಂದ ಫೋನ್ ಮಾಡುತ್ತಲೇ ಇದ್ದೇನೆ, ನೀನು ಎತ್ತುತ್ತಿಲ್ಲ. "ಬ್ಯುಸಿ ಅಕ್ಕ, ಚೆನ್ನಾಗಿದೀನಿ" ಎಂದು ಒಂದು ಮೆಸೇಜು ಬಂತು, ಅಷ್ಟೇ. ನಿನ್ನ ಮನೆ ಓನರಿಗೆ ಮಾಡಿದೆ. ಡ್ಯೂಟಿಗೆ ಹೋಗಿ ಬರುತ್ತಾನೆ, ಯಾರ ಹತ್ತಿರವೂ ಮಾತಿಲ್ಲ, ಬಾಗಿಲು ಹಾಕಿಕೊಂಡರೆ ಮತ್ತೆ ತೆಗೆಯುವುದಿಲ್ಲ ಅಂದರು. ಬೈಕನ್ನೂ ಮನೆಗೆ ಕಳಿಸಿಬಿಟ್ಟಿದ್ದೀಯ, ಇನ್ನು ಬೇಕಿಲ್ಲ ಎನ್ನುವ ಹಾಗೆ. ನನಗೆ ತುಂಬಾ ಭಯವಾಗಿದೆ ಕಣೋ. ದಿನವೆಲ್ಲ ಪ್ರಶ್ನೆ ಕೇಳಿ ಬದುಕುವವಳಿಗೆ ಈಗ ಒಂದೇ ಪ್ರಶ್ನೆ ಉಳಿದಿದೆ. ಸಾಯಬೇಕು ಅನ್ನಿಸುತ್ತಿದೆಯೇ? ನೇರವಾಗಿ ಕೇಳುತ್ತಿದ್ದೇನೆ, ನೇರವಾಗಿ ಹೇಳು. ಹೌದು ಅಂದರೂ ಬೈಯುವುದಿಲ್ಲ. ನಾನು ಅತ್ತರೂ ಅಳಬಹುದು, ಆದರೆ ಎದ್ದು ಹೋಗುವುದಿಲ್ಲ. ಇಬ್ಬರೂ ಸೇರಿ ಡಾಕ್ಟರನ್ನು ನೋಡೋಣ. ಅಪ್ಪ ಅಮ್ಮನಿಗೆ ನಾನು ಏನೂ ಹೇಳಿಲ್ಲ.

ದೇವರು ನಿನ್ನನ್ನು ನೂರು ಕಾಲ ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ
ಮಂಜುಶ್ರೀ

ತಾ.ಕ.: ಇದನ್ನು ಅಂಚೆಗೆ ಹಾಕಲಿಲ್ಲ. ಕೊರಿಯರಿನವನು ಸೋಮವಾರ ಸೇರುತ್ತದೆ ಅಂದ, ಅಷ್ಟು ತಡೆಯಲಾರದೆ ವಿಮಾನ ಹತ್ತಿ ಪುಣೆಗೆ ಬಂದುಬಿಟ್ಟೆ. ಬಾಗಿಲು ಬಡಿದೆ, ನೀನು ಓಗೊಡಲಿಲ್ಲ. ಒಳಗೆ ಫ್ಯಾನಿನ ಸದ್ದು ಕೇಳುತ್ತಿದೆ. ಕಾಗದವನ್ನು ಬಾಗಿಲ ಕೆಳಗಿಂದ ತಳ್ಳುತ್ತಿದ್ದೇನೆ. ನಾನು ಇಲ್ಲೇ ಮೆಟ್ಟಿಲ ಮೇಲೆ ಕೂತಿದ್ದೇನೆ. ಬಾಗಿಲು ತೆಗೆಯಪ್ಪಾ.