ಅಮ್ಮನ ದವಡೆ

ಸೋಮವಾರ, ಮಧ್ಯಾಹ್ನ

ತಮ್ಮಾ,

ದೇವರು ನಿನ್ನನ್ನೂ ಮನೆಯವರನ್ನೂ ಚೆನ್ನಾಗಿಟ್ಟಿರಲಿ. ನಿನ್ನ ಫೋನು ಎರಡು ಮೂರು ಸಲ ಬಂದರೂ ಎತ್ತಲಿಲ್ಲ, ತಪ್ಪು ತಿಳಿಯಬೇಡ. ಬಾಯಿ ತೆರೆದರೆ ಏನು ಬರುತ್ತಿತ್ತೋ ಅಂತ ಭಯವಾಯಿತು. ಬರೆಯುವಾಗ ನನ್ನ ಕೈ ನಿಧಾನ, ಮಾತು ಹಿಡಿತದಲ್ಲಿರುತ್ತದೆ.

ಹೋದ ವಾರ ನೀನು ಹೇಳಿದ ಡಾಕ್ಟರ ಹತ್ತಿರ ಮಗಳನ್ನು ಕರೆದುಕೊಂಡು ಹೋಗಿದ್ದೆ. 'ಗಂಡಿನ ಕಡೆಯವರಿಗೆ ಎಲ್ಲಾ ಒಪ್ಪಿಗೆ, ದವಡೆ ಮಾತ್ರ ಗಂಡಸರ ಹಾಗಿದೆ ಅಂತಾರೆ, ಒಂಚೂರು ಹೆರೆಸಿಬಿಡಕ್ಕ' ಅಂದಿದ್ದೆಯಲ್ಲ. ಆ ಡಾಕ್ಟರು ಅವಳ ಮುಖದ ಮೇಲೆ ನೀಲಿ ಪೆನ್ನಿನಲ್ಲಿ ಗೆರೆ ಎಳೆದು, 'ಇಲ್ಲಿಂದ ಇಲ್ಲಿಗೆ ತೆಗೆದರೆ ಸಾಕು' ಅಂದರು. ಚೌಕಟ್ಟಿಗೆ ತಾಗುವ ಬಾಗಿಲ ವಿಷಯ ಬಡಗಿ ಹೇಳಿದ ಹಾಗಿತ್ತು. ಮೊದಲು ಮೂಳೆ ನೋಡಬೇಕು ಅಂತ ಎಕ್ಸ್‌ರೇಗೆ ಕಳಿಸಿದರು.

ಅಲ್ಲಿ ಓಲೆ, ಸರ, ಕೂದಲ ಪಿನ್ನು ಎಲ್ಲ ಬಿಚ್ಚಿಸಿ ನನ್ನ ಕೈಗೆ ಹಾಕಿದರು. ನಿಲ್ಲಿಸಿದ ಹಲಗೆಗೆ ಹಣೆ, ಮೂಗು ಎರಡೂ ತಾಗಬೇಕಂತೆ. ಹಲಗೆಯ ಮೇಲೆ ಯಾರದೋ ತಲೆಯೆಣ್ಣೆಯ ಜಿಡ್ಡು ಹಾಗೇ ಇತ್ತು. ಒರೆಸಿ ಅಂದೆ. ಎಕ್ಸ್‌ರೇ ತೆಗೆಯುವ ಹೆಂಗಸು ಸ್ಪಿರಿಟ್ಟಿನ ಹತ್ತಿಯಲ್ಲಿ ಒರೆಸಿ, ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೇರ ಮಾಡಿದಳು. 'ಒಂಚೂರು ತಿರುಗಿದ್ರೂ ಒಂದು ಕಡೆ ದವಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು ಕಾಣುತ್ತೆ ತಾಯಿ. ಅಲ್ಲಾಡಬೇಡ.'

ಚಿತ್ರ ಮಸುಕಾಗಿ ಬಂತು. ಮಗಳು ಹಲಗೆಗೆ ಮುಖವಿಟ್ಟು ಅಳುತ್ತಿದ್ದಳು.

'ಕಣ್ಣೀರು ಚಿತ್ರದಲ್ಲಿ ಬೀಳಲ್ಲಮ್ಮ, ಗಲ್ಲ ನಡುಗೋದು ಬೀಳುತ್ತೆ. ಎಕ್ಸ್‌ರೇ ಯಾಕೆ, ಎಲ್ಲಾದ್ರೂ ಬಿದ್ದು ಏಟಾಗಿದ್ಯಾ?' ಅಂತ ಆ ಹೆಂಗಸು ಕೇಳಿದಳು.

'ಇಲ್ಲ, ಮದುವೆಗೆ' ಅಂದೆ. ಆಕೆ ನನ್ನನ್ನು ನೋಡಿ, ಒಣ ಹತ್ತಿ ತೆಗೆದು ಮಗಳ ಕೆನ್ನೆ ಒರೆಸಿದಳು. ನನ್ನ ಮೇಲೇ ನನಗೆ ಹೇಸಿಗೆಯಾಯಿತು.

ಆಮೇಲೆ ಪಕ್ಕದಿಂದ ತೆಗೆದ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದಳು. ತಮ್ಮಾ, ಅದು ನಮ್ಮ ಅಮ್ಮ. ಕೂದಲಿಲ್ಲ, ಕಣ್ಣಿಲ್ಲ, ಆದರೂ ಅಮ್ಮನೇ. ನಿನ್ನ ಅಂಗಿಗೆ ಗುಂಡಿ ಹೊಲಿದು ದಾರ ಕಚ್ಚಿ ಹರಿಯುವಾಗ ಕಿವಿಯ ಕೆಳಗೆ ಎದ್ದು ನಿಲ್ಲುತ್ತಿತ್ತಲ್ಲ, ಅದೇ ಮೂಳೆ. ದೇವರು ಅಳತೆ ನೋಡಿ ಇಟ್ಟದ್ದನ್ನು ಹೆರೆಸಲು ನಾನು ಯಾರು? ಡಾಕ್ಟರಿಗೆ ಬೇಡ ಅಂದು ಬಂದುಬಿಟ್ಟೆ. 'ಮಾವನಿಗೆ ಏನು ಹೇಳ್ತೀಯಮ್ಮ?' ಅಂತ ಮಗಳು ದಾರಿಯುದ್ದಕ್ಕೂ ಕೇಳಿದಳು. ಬರೀತೀನಿ ಅಂದೆ.

ನಿನ್ನ ಮಕ್ಕಳಿಗೆ ನನ್ನ ಮುದ್ದು. ದಿನಾ ಪ್ರಾರ್ಥನೆಗೆ ಕೂತಾಗ ನಿನ್ನ ಹೆಸರು ಹೇಳುತ್ತೇನೆ. ಇವತ್ತೂ ಹೇಳಿದೆ, ಕಷ್ಟಪಟ್ಟು.

ನಿನ್ನ ಅಕ್ಕ

ಮೇಲೆ ಬರೆಯಲು ಮನಸ್ಸಾಗದೆ ಬಿಟ್ಟದ್ದು: ನಿನ್ನೆ ಗಂಡಿನ ತಾಯಿಯೇ ಮನೆಗೆ ಬಂದಿದ್ದರು. ಸಂಬಂಧ ತಪ್ಪಿದರೆ ತಪ್ಪಲಿ, ನೀವು ಹೇಳಿದಿರಿ ಅಂತ ಮೂಳೆ ಮುಟ್ಟಿಸುವುದಿಲ್ಲ ಅಂದೆ. ಅವರು ಗಾಬರಿಯಾದರು. 'ನಾವ್ಯಾಕ್ರೀ ಹಾಗಂತೀವಿ? ನಮ್ಮ ಹುಡುಗ ಆ ಮುಖ ನೋಡೇ ಒಪ್ಪಿದ್ದು. ದವಡೆ ಸ್ವಲ್ಪ ಒರಟು, ಮದುವೆಗೆ ಮುಂಚೆ ಹೆರೆಸಿ ಕೊಡ್ತೀವಿ ಅಂತ ನಿಮ್ಮ ತಮ್ಮನೇ ಅಂದ್ರು.' ಮಗಳು ಒಳಗಿನಿಂದ ಕೇಳಿಸಿಕೊಂಡಳು. ನಾಳೆ ಗಡ್ಡ ಹೆರೆದುಕೊಳ್ಳುವಾಗ ಕಿವಿಯ ಕೆಳಗೆ ಬೆರಳಾಡಿಸಿ ನೋಡು. ಅದೂ ಅಮ್ಮನದೇ.