ನಿಮ್ಮಮ್ಮನ ಕನ್ನಡಕವೆಂದುಕೊಂಡೆ

ಮನೆಯಿಂದ,
ಶನಿವಾರ, ಹದಿನಾಲ್ಕನೇ ತಾರೀಕು

ಪ್ರೀತಿಯ ಪುಟ್ಟೀ,

ಅದೇ, ನಿನ್ನೆ ಫೋನಿನಲ್ಲಿ ಕಣ್ಣಿಗೆ ಧೂಳು ಬಿದ್ದಿದೆ ಅಂದೆನಲ್ಲ, ಅದು ಧೂಳಲ್ಲ. ಆಮೇಲೆ ಹೇಳುತ್ತೇನೆ. ಮೊದಲು ನಿನ್ನ ಬೆನ್ನುನೋವು ಹೇಗಿದೆ? ಅಳಿಯಂದಿರ ಕೆಮ್ಮು ಹೋಯಿತೇ? ಮಗು ಇನ್ನೂ ಬಲಗಾಲಿನ ಚಪ್ಪಲಿ ಎಡಗಾಲಿಗೇ ಹಾಕಿಕೊಳ್ಳುತ್ತಾಳೆಯೇ? ಹಾಕಿಕೊಳ್ಳಲಿ ಬಿಡು, ಅವಳ ತಾತ ಅದಕ್ಕಿಂತ ದೊಡ್ಡ ಎಡವಟ್ಟು ಮಾಡಿಕೊಂಡಿದ್ದಾನೆ.

ಸೋಮವಾರ ಬೆಳಿಗ್ಗೆ ಎದ್ದು ಕನ್ನಡಕ ಹಾಕಿಕೊಂಡರೆ ಎಡಗಡೆ ಪೂರ್ತಿ ಕಪ್ಪು. ನೋವಿಲ್ಲ, ಉರಿಯಿಲ್ಲ. ನಾನೂ ನಿಮ್ಮಮ್ಮನೂ ಒಂದೇ ಅಂಗಡಿಯಲ್ಲಿ ಒಂದೇ ಥರದ ಫ್ರೇಮು ತಗೊಂಡವರು, ನಂಬರೂ ಹೆಚ್ಚುಕಡಿಮೆ ಒಂದೇ. ಕೊನೇ ವರ್ಷ ಅವಳಿಗೆ ಎಲ್ಲ ಎರಡೆರಡು ಕಾಣುತ್ತಿತ್ತೆಂದು ಎಡಗಾಜಿಗೆ ಕಪ್ಪು ಕಾಗದ ಅಂಟಿಸಿದ್ದರಲ್ಲ, ಅದನ್ನೇ ಹಾಕಿಕೊಂಡಿದ್ದೇನೆ ಅಂದುಕೊಂಡು ಹಾಗೇ ನಮ್ಮ ಕೀಲಿಕೈ ಅಂಗಡಿಗೆ ಹೋದೆ. ಕೊರೆಯುವಾಗ ಎರಡು ಕೀಲಿಕೈ ಕೆಡಿಸಿದೆ. ನಿಜ ಹೇಳಲೇ, ಅವಳದ್ದು ಮೂಗಿನ ಮೇಲಿದೆ ಅನ್ನುವುದು ಹಿತವಾಗಿಯೂ ಇತ್ತು. ಮಧ್ಯಾಹ್ನ ಬಂದು ಡ್ರಾಯರು ತೆಗೆದರೆ ಕಪ್ಪು ಕಾಗದದ ಕನ್ನಡಕ ಅಲ್ಲೇ ಮಲಗಿದೆ. ಮೂಗಿನ ಮೇಲಿದ್ದದ್ದು ನನ್ನದೇ ಅಂತ ಗೊತ್ತಾದದ್ದೇ ಕಣ್ಣಿನ ಆಸ್ಪತ್ರೆಗೆ ಓಡಿದೆ.

ಕಣ್ಣಿನ ಡಾಕ್ಟರು ನಿನಗಿಂತ ಚಿಕ್ಕವಳು. "ಇಷ್ಟು ಹೊತ್ತು ಏನ್ ಮಾಡ್ತಿದ್ರಿ ಅಂಕಲ್?" ಅಂದಳು. ಕಣ್ಣಿನೊಳಗಿನ ರಕ್ತನಾಳ ಕಟ್ಟಿಕೊಂಡಿದೆಯಂತೆ, ಅಕ್ಲೂಶನ್. ಕಣ್ಣು ಒತ್ತಿ ನೋಡಿದಳು, ಸೂಜಿ ಹಾಕಿ ಒಂದಿಷ್ಟು ನೀರು ತೆಗೆದಳು. ಸಿಕ್ಕಿಕೊಂಡ ತುಣುಕು ಜರುಗಲಿಲ್ಲ. ಹೊತ್ತು ಮೀರಿತ್ತು. ಹೊತ್ತೇ ಮುಖ್ಯ ಅಂತ ಕಾಲೇಜಿನಲ್ಲಿ ಓದಿದ್ದೆ, ಟೈಮ್ ಈಸ್ ದಿ ಎಸೆನ್ಸ್ ಆಫ್... ಆಫ್ ಏನೋ. ಡಿಗ್ರಿ ಸಿಕ್ಕಿತು, ವಾಕ್ಯ ಮುಗಿಯಲಿಲ್ಲ.

ಆ ತುಣುಕು ಬಂದದ್ದು ಕತ್ತಿನ ರಕ್ತನಾಳದಿಂದಂತೆ. ಅಲ್ಲಿ ಇನ್ನೂ ಇದೆ. ಮುಂದಿನದು ಮೆದುಳಿಗೆ ಹೋದರೆ ಬಲಗೈ ಹೋಗಬಹುದು, ಮಾತು ಹೋಗಬಹುದು. ಕತ್ತು ಕೊಯ್ದು, ಕೆರೆದು ತೆಗೆಯಬೇಕು ಅನ್ನುತ್ತಾರೆ. ಹೋದ ಕಣ್ಣು ಬರುವುದಿಲ್ಲ, ಉಳಿದದ್ದು ಉಳಿದೀತು. ಟೇಬಲ್ ಮೇಲೇ ಏನಾದರೂ ಆಗಬಹುದು ಅನ್ನುವುದನ್ನೂ ಸರ್ಜನ್ನು ಮುಚ್ಚಿಡಲಿಲ್ಲ. ನಿಮ್ಮಮ್ಮ ಹಾಗೆ ಹೋದ ಮೇಲೆ, ಈ ಮನೆಯವರು ಇನ್ಯಾರೂ ಆಪರೇಶನ್ ಅಂತ ಮಲಗಬಾರದು ಎಂದು ನೀನು ನನ್ನಿಂದ ಮಾತು ತಗೊಂಡೆ. ಮರೆತಿಲ್ಲ. ಆದರೆ ಲೋಟದ ಪಕ್ಕಕ್ಕೆ ನೀರು ಸುರಿದು, ಬಾಗಿಲಿಗೆಲ್ಲ ಭುಜ ತಾಗಿಸಿಕೊಂಡು, ಈ ಐದೇ ದಿನಕ್ಕೆ ಸಾಕಾಗಿಹೋಗಿದೆ ಪುಟ್ಟೀ. ಯೋಚನೆ ಮಾಡುವುದಕ್ಕೂ ಶಕ್ತಿ ಬೇಕು ನೋಡು. ನಿನ್ನೆ ಇದನ್ನೆಲ್ಲ ಹೇಳೋಣ ಅಂತಲೇ ಫೋನು ಮಾಡಿದ್ದು, ನಿನ್ನ ದನಿ ಕೇಳಿದ್ದೇ ಧೂಳಾಯಿತು.

ಸಾಲುಗಳು ಒಂದರ ಮೇಲೊಂದು ಹತ್ತುತ್ತಿವೆ. ಓ, ಬೆಳಕು ಹೋಗುತ್ತಾ ಇದೆ. ಇಲ್ಲಿಗೆ ಸಾಕು. ಅಳಿಯಂದಿರಿಗೆ ಕೇಳಿದೆ ಅಂತ ಹೇಳು, ಮಗುವಿಗೆ ಮುತ್ತು. ನೀನು ಭಾರ ಎತ್ತಬೇಡ, ಚೆನ್ನಾಗಿರು ತಾಯಿ.

ನಿನ್ನ
ಅಪ್ಪ

ಮರೆತಿದ್ದೆ: ಆಪರೇಶನ್ ಬರುವ ಶುಕ್ರವಾರ ಬೆಳಿಗ್ಗೆ ಏಳಕ್ಕೆ. ಒಪ್ಪಿಗೆ ಕಾಗದಕ್ಕೆ ಸಹಿ ಮಾಡಿಬಿಟ್ಟಿದ್ದೇನೆ. ಅದರ ಕೆಳಗೆ ಮನೆಯವರ ಸಹಿಗೆ ಒಂದು ಸಾಲಿದೆ. ಪಕ್ಕದ ಮನೆಯವರು ತಾವೇ ಹಾಕುತ್ತೇವೆ ಅಂದರು, ಬೇಡ ಅಂದೆ. ಬೈಯಬೇಕು ಅನ್ನಿಸಿದರೂ ಇಲ್ಲಿಗೇ ಬಂದು ಬೈಯಿ.