ಅಪ್ಪನ ಸ್ಟಿಯರಿಂಗ್

ಏಪ್ರಿಲ್ 6, ಭಾನುವಾರ

ಕೂಲರಿಗೆ ನೀರು ತುಂಬಿದೆ. ಮತ್ತೆ ಕಂಪ್ಯೂಟರಿನ ಚಿಂತೆ. ಪ್ರೊಸೆಸರ್ ಆಯ್ತು, ಮದರ್‌ಬೋರ್ಡ್ ಆಯ್ತು. ಗ್ರಾಫಿಕ್ಸ್ ಕಾರ್ಡ್ ಒಂದೇ ತಲೆ ತಿನ್ನುತ್ತಿದೆ.

ಗೇಮಿಂಗ್ ಕಂಪ್ಯೂಟರ್ ನನಗೆ ಅಂತ ಅಪ್ಪನಿಗೆ ಹೇಳಿದ್ದೇನೆ. ಸುಳ್ಳು. ಬಸ್ ಓಡಿಸುವ ಆಟ ಒಂದಿದೆ — ಸ್ಟಿಯರಿಂಗ್ ಹಿಡಿದೇ ಆಡೋದು. ಅವರಿಗಾಗಿ.

ಜೀವನವಿಡೀ ಕಲಬುರಗಿ–ಬೀದರ್ ಬಸ್ ಓಡಿಸಿದ ಮನುಷ್ಯ. ಸಕ್ಕರೆ ಕಾಯಿಲೆಗೆ ಬಲಗಾಲು ಹೋದ ಮೇಲೆ, ಮನೆ ಮುಂದೆ ಬಸ್ಸಿನ ಹಾರ್ನ್ ಕೇಳಿದರೆ ಗೋಡೆ ಕಡೆ ತಿರುಗುತ್ತಾರೆ. “ಕಿಟಕಿ ಹಾಕು ಮಾಯಾ, ಧೂಳ್ ಬರ್ತದ.” ಧೂಳಂತೆ! ನನಗೆ ತಿಳಿಯುವುದಿಲ್ಲವೇ.

ಏಪ್ರಿಲ್ 8, ಸಂಜೆ

ಕಪನೂರಿನ ಆಫೀಸು ಮುಗಿಸಿ ಕಲಬುರಗಿಯ ಜಗತ್ ಸರ್ಕಲ್ಲಿಗೆ ಹೋದೆ. ಸಲಾವುದ್ದೀನ್ ಭಾಯಿ ಅಂಗಡಿ. ಕಂಪ್ಯೂಟರ್ ಜೋಡಿಸಿಕೊಡುವವರು ಅವರೇ. ಬಣ್ಣದ ಲೈಟಿನ ಕ್ಯಾಬಿನೆಟ್ ಕೇಳಿದ್ದಕ್ಕೆ ನಕ್ಕರು.

“ಲೈಟ್ ಬರೇ ಶೋಕಿ ಅದರಿ ಮೇಡಂ. ಪವರ್ ಸಪ್ಲೈ ಛಲೋ ಹಾಕ್ರಿ. ನಮ್ ಕಡಿ ಕರೆಂಟಿಂದು ಏನ್ ಭರೋಸಾ?”

ಕಮಲಾಪುರದ ಮನೆ ಮುಟ್ಟಿದ ಮೇಲೆ ಅಪ್ಪನಿಗೆ ಸುಮ್ಮನೆ ಹೇಳಿದೆ — ಕಂಪ್ಯೂಟರ್ ತಂಪು ಮಾಡೋಕೆ ನೀರಿನದು ಹಾಕಲೋ, ಫ್ಯಾನೋ ಅಂತ.

“ಅದಕ್ಕೂ ರೇಡಿಯೇಟರ್ ಇರ್ತದೇನು?”

ಇರ್ತದೆ ಅಂದೆ. ಎದ್ದು ಕೂತರು!

“ನೀರಿಂದು ಬ್ಯಾಡ. ಸೋರ್ತಂದ್ರ ನಡು ದಾರ್ಯಾಗ ನಿಂತುಬಿಡ್ತದ. ಫ್ಯಾನ್ ಹಾಕು, ದೊಡ್ಡದು.”

ಎಷ್ಟು ದಿನದ ಮೇಲೆ ಈ ಬಾಯಲ್ಲಿ ರೇಡಿಯೇಟರ್... ಖುಷಿಗೆ ಅನ್ನ ಸೀಯಿಸಿದೆ. ಫ್ಯಾನೇ ಫೈನಲ್.

ಏಪ್ರಿಲ್ 20

ಎಲ್ಲ ಬಂತು. ಸ್ಟಿಯರಿಂಗೂ ಬಂತು. ಟೇಬಲ್‌ಗೆ ಬಿಗಿದೆ. “ಅಪ್ಪಾ, ಇದು ನಿಮಗೆ” ಅಂದೆ. ಅಪ್ಪ ಹತ್ತಿರ ಬಂದರು, ಊರುಗೋಲು ಒರಗಿಸಿ ಸ್ಟಿಯರಿಂಗ್ ಮೇಲೆ ಕೈ ಇಟ್ಟರು. ಆಮೇಲೆ ಕೆಳಗೆ ನೋಡಿದರು.

ಪೆಡಲ್. ಬಲಗಡೆ ಆಕ್ಸಿಲರೇಟರ್.

ಊರುಗೋಲು ಎತ್ತಿಕೊಂಡರು. ಹೋಗಿ ಗೋಡೆ ಕಡೆ ಮಲಗಿದರು.

ಥೂ ನನ್ನ ಬುದ್ಧಿಗೆ! ಒಂದೊಂದು ಫ್ಯಾನಿಗೂ ಅಷ್ಟು ತಲೆ ಕೆಡಿಸಿಕೊಂಡವಳು ಅಪ್ಪನ ಕಾಲು ಮರೆತೆ. ಅತ್ತುಬಿಟ್ಟೆ. ಸ್ಟಿಯರಿಂಗ್ ಮೇಲೆ ಬೆಡ್‌ಶೀಟ್ ಹೊದಿಸಿದ್ದೇನೆ. ಕಣ್ಣಿಗೆ ಬೀಳುವುದೇ ಬೇಡ.

ಮೇ 4, ಮಧ್ಯಾಹ್ನ

ಬರೆಯಲು ಮನಸ್ಸೇ ಇರಲಿಲ್ಲ.

ಸಂತೆಯಿಂದ ಬಂದು ನೋಡಿದರೆ ಬೆಡ್‌ಶೀಟ್ ನೆಲದ ಮೇಲೆ. ಅಪ್ಪ ಕುರ್ಚಿಯಲ್ಲಿ! ಊರುಗೋಲಿನಿಂದ ಪೆಡಲ್ ಎಡಕ್ಕೆ ತಳ್ಳುತ್ತಿದ್ದಾರೆ.

“ಕ್ಲಚ್ ಇಲ್ಲಂದ್ರ ಎಡಗಾಲಿಗೆ ಕೆಲಸಾನೇ ಇಲ್ಲಲ್ಲ. ರೇಸ್, ಬ್ರೇಕ್ ಎರಡೂ ಅದೇ ಮಾಡ್ಲಿ. ಚಾಲೂ ಮಾಡಿಕೊಡು.”

ಚಾಲೂ ಮಾಡಿಕೊಟ್ಟೆ.

ಹೊರಟ ಕೂಡಲೇ ಬಸ್ ಡಿವೈಡರ್‌ಗೆ ಗುದ್ದಿತು. “ಹತ್ ಇದರ! ಬ್ರೇಕ್ ಅಂದ್ಕೊಂಡು ರೇಸ್ ಒತ್ತಿದೆ” ಅಂದರು. ಮತ್ತೆ ಗುದ್ದಿತು. ನಾನು ಈ ಕಡೆ ಬಂದು ಬರೆಯುತ್ತ ಕೂತೆ — ನಿಂತು ನೋಡುವ ಧೈರ್ಯ ಇಲ್ಲ.

ಸದ್ದು ನಿಂತಿದೆ. ಸಾಕಾಯಿತೇನೋ... ಇಲ್ಲ, ಸ್ಕ್ರೀನ್ ಮೇಲೆ ಬಸ್ ಸ್ಟಾಪ್. ಜನ ಹತ್ತಿದ್ದಾರೆ. ಅಪ್ಪ ಹೊರಡುತ್ತಿಲ್ಲ. ಕರೆಯುತ್ತಿದ್ದಾರೆ.

“ಏ ಮಾಯಾ, ಆಮ್ಯಾಲ ಬರಿ. ಕಂಡಕ್ಟರ್ ರೈಟ್ ಅನ್ನಲಾರದೆ ಗಾಡಿ ಹ್ಯಾಂಗ್ ಬಿಡ್ಲಿ ನಾ?”

ಬಂದೆ ಅಪ್ಪಾ, ಬಂದೆ. ರೈ—